ಎರಡು ಓಟಿನ ತುಂಗಮ್ಮ

ಕೀಂ ಎಂದು ಒಮ್ಮೆ ಚೀರಿ, ಗಂಟಲು ಸರಿಮಾಡಿಕೊಂಡವರಂತೆ ಗರಗರ ಅಂದು, ಆಮೇಲೆ ಮೈಕು ಮಾತಾಡಿತು. ಶಾಲೆಯ ಬಯಲಿನ ನೀರಿನ ಟ್ಯಾಂಕಿಗೆ ಕಟ್ಟಿದ್ದ ಅದರ ಬಾಯಿ ನೇರ ಕೇರಿಯ ಕಡೆ ತಿರುಗಿತ್ತು. ಚುನಾವಣೆ ಹತ್ತಿರ ಬಂದಾಗಲೆಲ್ಲ ಅದು ಆ ಕಡೆ ತಿರುಗುತ್ತದೆ. ಉಳಿದ ದಿನಗಳಲ್ಲಿ ಕೇರಿಗೆ ಕೇಳಿಸಬೇಕಾದ್ದು ಏನೂ ಇರುವುದಿಲ್ಲ. ಕೆರೆಯ ಏರಿ ಮೇಲಿದ್ದ ಬೆಳ್ಳಕ್ಕಿಗಳು ಗಾಬರಿಯಿಂದ ಎದ್ದು, ಒಂದು ಸುತ್ತು ಹಾರಿ, ಇದು ತಮಗೆ ಸಂಬಂಧಪಟ್ಟದ್ದಲ್ಲ ಎಂದು ತಿಳಿದು ಮತ್ತೆ ಕೂತವು.

"ಶಿಕಾರಿಪುರ-ಸೊರಬ ಜೋಡಿ ಕ್ಷೇತ್ರದ ಮೊಟ್ಟಮೊದಲ ಚುನಾವಣೆಯಲ್ಲಿ ಮತ ಚಲಾಯಿಸಿದ ಹಿರಿಯ ಚೇತನಗಳಾದ ಶ್ರೀಯುತ ಪರಮಶಿವಪ್ಪಗೌಡರು ಹಾಗೂ ಶ್ರೀಮತಿ ತುಂಗಮ್ಮನವರಿಗೆ ಇಂದು ನಮ್ಮೂರಿನಲ್ಲಿ ಸನ್ಮಾನ..."

"ಯಾರೇ ಅದು ಶ್ರೀಮತಿ?" ಅಂಗಳ ಗುಡಿಸುತ್ತಿದ್ದ ತುಂಗಮ್ಮ ಪೊರಕೆ ನಿಲ್ಲಿಸದೆ ಕೇಳಿದಳು.

"ನೀನೇ ಕಣಜ್ಜಿ," ಎಂದಳು ಹೊಸ್ತಿಲ ಮೇಲೆ ಕೂತು ಸೀರೆಯ ಪಿನ್ನು ಹುಡುಕುತ್ತಿದ್ದ ಮೊಮ್ಮಗಳು ರೋಜಾ.

"ನಾನ್ಯಾವಾಗ ಆದೆ?"

"ಬ್ಯಾನರ್ ಪ್ರಿಂಟ್ ಆದಾಗಿಂದ."

"ಬ್ಯಾನರ್ ಬಿಚ್ಚಿದ ಮ್ಯಾಲೆ?"

"ಆಮೇಲೆ ಮತ್ತೆ ತುಂಗಿ."

ಇಬ್ಬರೂ ನಕ್ಕರು. ರೋಜಾಳ ನಗೆ ಬೇಗ ಮುಗಿಯಿತು. ಅವಳಿಗೆ ಈ ದಿನ ನಗುವ ದಿನವಾಗಿರಲಿಲ್ಲ.

ರೋಜಾ ಗೌಡರ ಮನೆಯ ಟ್ರಸ್ಟು ನಡೆಸುವ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಳು. ಸೇರಿದಂದಿನಿಂದ ಅವಳದು ತಾತ್ಕಾಲಿಕ ಹುದ್ದೆ. ಅವಳ ಜೊತೆ ಸೇರಿದವರು ಕಾಯಂ ಆದರು, ಅವಳಿಗಿಂತ ಆಮೇಲೆ ಬಂದವರೂ ಆದರು. ಅವಳ ಆರ್ಡರು ಮಾತ್ರ ಕಾರ್ಯದರ್ಶಿಗಳ ಮೇಜಿನ ಮೇಲೆ ಸಹಿಗಾಗಿ ಕಾಯುತ್ತ, ಮೇಲೆ ಇಟ್ಟ ಗಾಜಿನ ಗುಂಡಿನ ಭಾರಕ್ಕೆ ಮಲಗಿತ್ತು. ಕಾರ್ಯದರ್ಶಿ ಪರಮಶಿವಪ್ಪಗೌಡರ ಮೊಮ್ಮಗ ರೇಣುಕಾಪ್ರಸಾದ್. ಅವನಿಗೆ ಈ ಸಲ ಜಿಲ್ಲಾ ಪಂಚಾಯಿತಿಗೆ ನಿಲ್ಲಬೇಕು. ನಿಲ್ಲಬೇಕಾದರೆ ಕೇರಿಯ ಓಟು ಬೇಕು. ಕೇರಿಯ ಓಟು ಬೇಕಾದರೆ ತಮ್ಮ ಮನೆಗೂ ಕೇರಿಗೂ ಹಿಂದಿನಿಂದ ಏನೋ ಒಂದು ಪ್ರೀತಿ ಇತ್ತು ಎಂದು ತೋರಿಸಬೇಕು. ಹುಡುಕಿದ. ತಲೆಮಾರುಗಳ ಉದ್ದಕ್ಕೂ ಹುಡುಕಿದರೂ ಅಂಥದ್ದೇನೂ ಸಿಗಲಿಲ್ಲ, ಅಜ್ಜನ ಎರಡನೇ ಓಟು ಒಂದನ್ನು ಬಿಟ್ಟು.

ಆ ಎರಡನೇ ಓಟಿನ ಸಂಗತಿಯನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಕಣಗಿಲಕೊಪ್ಪ ಎರಡು ತಾಲ್ಲೂಕುಗಳ ಅಂಚಿನ ಊರು. ಮನೆಗಳು ಶಿಕಾರಿಪುರಕ್ಕೆ, ಕೆರೆಯಾಚೆಯ ಗದ್ದೆಗಳು ಸೊರಬಕ್ಕೆ. ಪಹಣಿ ಬೇಕೆಂದರೆ ಒಂದು ಬಸ್ಸು, ರೇಷನ್ ಕಾರ್ಡು ಬೇಕೆಂದರೆ ಇನ್ನೊಂದು. ಆದರೆ ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಯಲ್ಲಿ ಈ ಎರಡು ತಾಲ್ಲೂಕೂ ಸೇರಿ ಒಂದೇ ವಿಧಾನಸಭಾ ಕ್ಷೇತ್ರವಾಗಿದ್ದವು. ಕ್ಷೇತ್ರ ಒಂದು, ಶಾಸಕರು ಇಬ್ಬರು. ಒಂದು ಸ್ಥಾನ ಎಲ್ಲರಿಗೂ ಬಿಟ್ಟದ್ದು, ಇನ್ನೊಂದು ಪರಿಶಿಷ್ಟರಿಗೆ ಮೀಸಲು. ಮತದಾರನ ಕೈಗೆ ಎರಡು ಕಾಗದ ಕೊಡುತ್ತಿದ್ದರು. ಎರಡನ್ನೂ ಒಬ್ಬನಿಗೇ ಹಾಕುವಂತಿರಲಿಲ್ಲ. ಮುದ್ರೆ ಒತ್ತುವುದು, ಗುಂಡಿ ಒತ್ತುವುದು ಇನ್ನೂ ಬಂದಿರಲಿಲ್ಲ. ಅಭ್ಯರ್ಥಿಗೊಂದರಂತೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತಿನ ಚಿತ್ರ. ಪರದೆಯ ಹಿಂದೆ ಹೋಗಿ, ಬೇಕಾದ ಪೆಟ್ಟಿಗೆಯ ಸೀಳಿನೊಳಗೆ ಕಾಗದ ತೂರಿಸಿ ಬರುವುದು. ಯಾರ ಪೆಟ್ಟಿಗೆಯಲ್ಲಿ ಸಿಕ್ಕಿತೋ ಅವರಿಗೆ ಓಟು. ಮುಂದೆ ಆ ಜೋಡಿ ಒಡೆಯಿತು. ಶಿಕಾರಿಪುರ ಬೇರೆಯಾಯಿತು, ಸೊರಬ ಬೇರೆಯಾಯಿತು. ಎರಡೂ ಕಡೆಯವರು ಮುಖ್ಯಮಂತ್ರಿಯಾಗುವವರೆಗೆ ಹೋದರು. ಇವತ್ತಿಗೂ ಜಡೆ ಊರಿಗೆ ಹೋಗುವ ಬಸ್ಸಿನಲ್ಲಿ ಯಾರ ತಾಲ್ಲೂಕು ಹೆಚ್ಚು ಎಂದು ಎರಡು ಸೀಟಿನವರು ಜಗಳವಾಡುವುದುಂಟು. ಎರಡು ತಾಲ್ಲೂಕಿನ ಆ ಎಲ್ಲ ಹೆಚ್ಚುಗಾರಿಕೆಯ ನಡುವೆ ಕಣಗಿಲಕೊಪ್ಪದ ಕೇರಿಯ ಚರಂಡಿ ಮಾತ್ರ ಯಾವ ತಾಲ್ಲೂಕಿಗೂ ಸೇರದೆ ಬಯಲಲ್ಲೇ ಹರಿಯುತ್ತದೆ.

ಆ ಮೊದಲ ಚುನಾವಣೆಯಲ್ಲಿ ಓಟು ಹಾಕಿದವರಲ್ಲಿ ಊರಿನಲ್ಲಿ ಉಳಿದಿರುವವರು ಇಬ್ಬರೇ. ಮೇಲಿನ ಬೀದಿಯಲ್ಲಿ ಪರಮಶಿವಪ್ಪಗೌಡರು. ಕೇರಿಯಲ್ಲಿ ತುಂಗಮ್ಮ.

ತುಂಗಮ್ಮ ಉಳವಿಯ ಕಡೆಯ ಹೆಣ್ಣು. ಕಲ್ಲಪ್ಪನನ್ನು ಮದುವೆಯಾಗಿ ಕಣಗಿಲಕೊಪ್ಪಕ್ಕೆ ಬಂದಾಗ ಅವಳಿಗೆ ಇನ್ನೂ ಸೀರೆಯ ನೆರಿಗೆ ನಿಲ್ಲುತ್ತಿರಲಿಲ್ಲ. ಕಲ್ಲಪ್ಪ ಗೌಡರ ಮನೆಯ ನೇಗಿಲು ಹಿಡಿದಿದ್ದ. ಅವಳ ಕೈಗೆ ಪೊರಕೆ ಬಂತು. ಗೌಡರ ಅಂಗಳ, ಗೌಡರ ಕೊಟ್ಟಿಗೆ, ಗೌಡರ ಕಣ. ಮುಂದೆ ಯಾರಾದರೂ ನಡೆದುಹೋಗುವುದು, ಹಿಂದೆ ಅವಳು ಗುಡಿಸುತ್ತ ಹೋಗುವುದು. ಎಷ್ಟೋ ವರ್ಷ ಅವಳು ಗೌಡರ ಮನೆಯವರನ್ನು ಬೆನ್ನಿನಿಂದಲೇ ಗುರುತಿಸುತ್ತಿದ್ದಳು. ಇದರಿಂದ ಅವಳಿಗೆ ವಿನಯ ಬಂತೆಂದು ತಿಳಿಯಬಾರದು. ಗುಡಿಸುವುದರಲ್ಲಿ ತನ್ನ ಸಮ ಯಾರೂ ಇಲ್ಲ ಎನ್ನುವ ಜಂಬ ಅವಳಿಗೆ ಇವತ್ತಿಗೂ ಇದೆ. ನಿಂತು ಗುಡಿಸುವವರನ್ನು ಕಂಡರೆ ಅವಳಿಗೆ ಆಗದು. ಸೊಸೆ ಪೇಟೆಯಿಂದ ತಂದ ಪ್ಲಾಸ್ಟಿಕ್ ಪೊರಕೆಯನ್ನು ಎರಡು ಬೆರಳಲ್ಲಿ ಹಿಡಿದು, "ಇದ್ರಾಗೆ ಕಸ ಹೋಗಲ್ಲ, ಕಸಕ್ಕೆ ಗಾಳಿ ಬೀಸ್ತತಿ ಅಷ್ಟೆ," ಎಂದು ತೋಟದ ಬೇಲಿಗೆ ಎಸೆದವಳು. ಮಕ್ಕಳು ತಲೆಯೆತ್ತಿ, ಕೆರೆಯಾಚೆ ಒಂದಿಷ್ಟು ಗದ್ದೆ ಮಾಡಿಕೊಂಡ ದಿನ ಅವಳು ಗೌಡರ ಅಂಗಳಕ್ಕೆ ಹೋಗುವುದನ್ನು ನಿಲ್ಲಿಸಿದಳು. ಹೇಳಿ ನಿಲ್ಲಿಸಲಿಲ್ಲ. ಮರುದಿನ ಬೆಳಿಗ್ಗೆ ಅಲ್ಲಿ ಎಲೆ ಹಾಗೇ ಬಿದ್ದಿತ್ತು, ಅಷ್ಟೆ.

ಓಟಿನ ಪಟ್ಟಿ ಬರೆಯಲು ಸರ್ಕಾರದವನು ಬಂದಾಗಲೂ ಅವಳ ಈ ಜಂಬವೇ ಕೆಲಸಕ್ಕೆ ಬಂತು. ಮೇಲಿನ ಬೀದಿಯ ಹೆಂಗಸರು ಬಾಗಿಲ ಸಂದಿಯಿಂದ ಇಂಥವರ ಮನೆಯವರು, ಇಂಥವರ ತಾಯಿ ಎಂದು ಬರೆಸಿದರು. ಹೆಸರಿಲ್ಲದ ಹೆಂಗಸರಿಗೆಲ್ಲ ಓಟಿಲ್ಲ ಎಂದು ಆಮೇಲೆ ಅವನ್ನು ಹೊಡೆದುಹಾಕಿದರು. ಗೌಡರ ಹೆಂಡತಿ ಮಹಾದೇವಮ್ಮನ ಓಟು ಹೋದದ್ದು ಹೀಗೆ. ಕೇರಿಯಲ್ಲಿ ಮಾತ್ರ ತುಂಗಮ್ಮ ಅಂಗಳಕ್ಕೇ ಬಂದು ನಿಂತು, "ತುಂಗಾ ಅಂತ ಬರ್ಕಳಪ್ಪ, ಹೊಳೆ ಹೆಸ್ರು," ಎಂದಿದ್ದಳು.

ಚುನಾವಣೆಗೆ ಮುಂಚೆ ಎಲ್ಲರ ಸ್ಥಾನಕ್ಕೆ ನಿಂತಿದ್ದ ಒಬ್ಬರು ಗೌಡರ ಜಗುಲಿಗೆ ಬಂದರು. ಅವರ ಗುರುತು ಏಣಿ. ಅವರ ಜೊತೆಗೆ ಮೀಸಲು ಸ್ಥಾನಕ್ಕೆ ನಿಂತವರ ಗುರುತು ದೋಣಿ. ಏಣಿಯವರು ಜಗುಲಿ ಹತ್ತಿ ಕೂತರು. ದೋಣಿಯವರು ಅಂಗಳದಲ್ಲಿ ನಿಂತರು. ಎರಡು ಓಟಲ್ಲಿ ಒಂದು ಏಣಿಗೆ, ಒಂದು ದೋಣಿಗೆ ಎಂದು ಮೇಲಿನ ಬೀದಿಯ ಗಂಡಸರು ವೀಳ್ಯ ಹಿಡಿದು ಮಾತು ಕೊಟ್ಟರು. ವೀಳ್ಯ ಹಿಡಿದು ಕೊಟ್ಟ ಮಾತನ್ನು ಅವರು ತಪ್ಪುವವರಲ್ಲ. ಆದರೆ ಓಟಿನ ದಿನ ಪರದೆಯ ಹಿಂದೆ ಹೋದಾಗ ಒಂದು ಪೇಚು ಕಾಣಿಸಿತು. ದೋಣಿಯ ಪೆಟ್ಟಿಗೆಗೆ ಕಾಗದ ತೂರಿಸಬೇಕಾದರೆ ಅದನ್ನು ಮುಟ್ಟಬೇಕು.

ಎಲ್ಲ ಪೆಟ್ಟಿಗೆಗಳೂ ಒಂದೇ ಕಾರ್ಖಾನೆಯಲ್ಲಿ ಆದವು, ಒಂದೇ ಗಾಡಿಯಲ್ಲಿ ಬಂದವು, ಒಂದೇ ಹಸಿರು ಬಣ್ಣ. ನಿನ್ನೆಯ ತನಕ ಅದು ಬರೀ ತಗಡು. ದೋಣಿಯ ಚಿತ್ರ ಅಂಟಿಸಿದ ಗಳಿಗೆಯಿಂದ ಅದಕ್ಕೊಂದು ಜಾತಿ ಬಂದುಬಿಟ್ಟಿತ್ತು. ಮಾತು ತಪ್ಪುವಂತಿಲ್ಲ, ಪೆಟ್ಟಿಗೆ ಮುಟ್ಟುವಂತಿಲ್ಲ. ಎರಡನ್ನೂ ಉಳಿಸಿಕೊಳ್ಳಲು ಕಣಗಿಲಕೊಪ್ಪದ ದೊಡ್ಡವರು ಒಂದು ದಾರಿ ಕಂಡುಕೊಂಡರು. ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಎಲ್ಲರಿಗೂ ಅದೇ ದಾರಿ ಹೊಳೆದದ್ದು ಅವರ ಒಗ್ಗಟ್ಟಿಗೆ ಸಾಕ್ಷಿ. ಏಣಿಯ ಪೆಟ್ಟಿಗೆಗೆ ಬಗ್ಗಿ ನೀಟಾಗಿ ಕಾಗದ ತೂರಿಸುವುದು. ದೋಣಿಯ ಪೆಟ್ಟಿಗೆಗೆ ದೂರ ನಿಂತು ಎಸೆಯುವುದು. ಕಾಗದವೇನು ಹಕ್ಕಿಯೇ, ಹೇಳಿದ ಗೂಡಿಗೆ ಹೋಗಿ ಕೂರಲು? ಕೆಲವು ಪೆಟ್ಟಿಗೆಯ ಮೇಲೆ ಕೂತವು, ಹೆಚ್ಚಿನವು ನೆಲಕ್ಕೆ ಬಿದ್ದವು. ಎಸೆದವರು ಧೋತರ ಕೊಡವಿಕೊಂಡು ಹೊರಗೆ ಬಂದು, "ಹಾಕಿದ್ವಿ," ಎಂದರು. ಮಾತು ಉಳಿಯಿತು, ಮಡಿಯೂ ಉಳಿಯಿತು. ಓಟಿನ ವಿಷಯ ಯಾರೂ ಎತ್ತಲಿಲ್ಲ.

ಮೇಲಿನ ಬೀದಿಯವರದೆಲ್ಲ ಮುಗಿದು ಬಿಸಿಲು ವಾಲಿದ ಮೇಲೆ ಕೇರಿಯ ಸರದಿ ಬಂತು. ತುಂಗಮ್ಮ ಪರದೆ ಸರಿಸಿ ಒಳಗೆ ಹೋದವಳು ಮೊದಲು ನೋಡಿದ್ದು ಪೆಟ್ಟಿಗೆಗಳನ್ನಲ್ಲ, ನೆಲವನ್ನು. ನೆಲದ ತುಂಬ ಕಾಗದ. ಅವಳಿಗೆ ರಾಜಕೀಯ ಹೊಳೆಯಲಿಲ್ಲ. ಹೀಗೆ ಹರವಿ ಹೋಗಿದ್ದಾರಲ್ಲ, ಇವರಿಗೆ ಎಸೆಯುವುದೂ ಬರುವುದಿಲ್ಲವಲ್ಲ ಎಂದು ಮೈ ಉರಿಯಿತು. ಸೊಂಟ ತಾನಾಗಿ ಬಗ್ಗಿತು. ಒಂದೊಂದನ್ನೇ ಆರಿಸಿ, ಸೆರಗಿಗೆ ಒರೆಸಿ, ಯಾವ ಪೆಟ್ಟಿಗೆಯ ಬುಡದಲ್ಲಿ ಬಿದ್ದಿದ್ದವೋ ಅದೇ ಪೆಟ್ಟಿಗೆಯ ಸೀಳಿಗೆ ತೂರಿಸಿದಳು. ಹೊರಗಿನಿಂದ ಅಧಿಕಾರಿ, "ಏನಮ್ಮಾ, ಒಳಗೆ ನಿದ್ದೆ ಬಂತಾ?" ಎಂದು ಕೂಗಿದ.

"ಬಂದೆ ಸ್ವಾಮೀ, ಕಸ ಬಿದ್ದಿತ್ತು," ಎಂದಳು.

ಅಧಿಕಾರಿ ನಕ್ಕನಂತೆ. ಆಮೇಲೆ ತನ್ನ ಎರಡು ಓಟು ಹಾಕಿದಳು. ಒಂದು ದೋಣಿಗೆ. ಇನ್ನೊಂದು ಯಾವುದಕ್ಕೆ ಎಂದು ಅವಳು ಕಲ್ಲಪ್ಪನಿಗೂ ಹೇಳಲಿಲ್ಲ, ಅವನು ಸಾಯುವಾಗ ಕೇಳಿದರೂ ಹೇಳಲಿಲ್ಲ.

ಈ ಕತೆಯನ್ನು ಕೇರಿಯಲ್ಲಿ ಎಲ್ಲರೂ ಬಲ್ಲರು. ನಾಟಿಯ ಸಾಲಿನಲ್ಲಿ, ಮದುವೆಯ ಮನೆಯಲ್ಲಿ, ತುಂಗಮ್ಮ ಗೌಡರಂತೆ ಎದೆ ಸೆಟೆಸಿ, ಮೂಗು ಮುರಿದು, ವೀಳ್ಯದೆಲೆಯನ್ನು ದೂರದಿಂದ ಎಸೆದು ತೋರಿಸುತ್ತಿದ್ದಳು. ಮೇಲಿನ ಬೀದಿಯವರ ಕಿವಿಗೂ ಅದು ಬಿದ್ದಿರಬೇಕು. ಆದರೆ ಕೇರಿಯಲ್ಲಿ ಹುಟ್ಟಿದ ನಗೆಯನ್ನು ಕೇಳಿಸಿಕೊಳ್ಳದೆ ಇರುವ ಅಭ್ಯಾಸ ಅವರಿಗೆ ಹಿಂದಿನಿಂದ ಬಂದದ್ದು. ಪರಮಶಿವಪ್ಪಗೌಡರು ತಮ್ಮ ಕತೆಯನ್ನು ವರ್ಷದಿಂದ ವರ್ಷಕ್ಕೆ ಬೆಳೆಸಿದರು. ಮೊದಲು 'ಎರಡೂ ಓಟು ಹಾಕಿದೆ' ಎನ್ನುತ್ತಿದ್ದರು. ಆಮೇಲೆ 'ಪೆಟ್ಟಿಗೆ ಮುಟ್ಟಿ ಹಾಕಿದೆ' ಆಯಿತು. ಈಚೆಗೆ 'ಕಣ್ಣಿಗೊತ್ತಿಕೊಂಡು ಹಾಕಿದೆ' ಎನ್ನುವಲ್ಲಿಗೆ ಬಂದಿತ್ತು. ಈಸೂರಿನ ದಂಗೆಯಲ್ಲೂ ತಾವು ಇದ್ದುದಾಗಿ ಅವರು ಹೇಳುತ್ತಾರೆ. ಈಸೂರಿಂದ ಎಷ್ಟು ದೂರದಲ್ಲಿ ಇದ್ದರು ಎಂದು ಯಾರೂ ಕೇಳುವುದಿಲ್ಲ.

ಸನ್ಮಾನದ ಮಾತಾಡಲು ಹೋದ ವಾರ ರೇಣುಕಾಪ್ರಸಾದ್ ಕೇರಿಗೇ ಬಂದಿದ್ದ. ಬಿಳಿ ಕಾರು ಚರಂಡಿಯ ಈಚೆಗೇ ನಿಂತಿತು. ರೋಜಾ ಜಗುಲಿಗೆ ಕುರ್ಚಿ ಹಾಕಿ, ಒಳಗೆ ಓಡಿ ಟೀ ತಂದಳು. ಅವನು ಲೋಟ ಕೈಯಲ್ಲಿ ಹಿಡಿದು, ತುಂಗಮ್ಮನ ಪಕ್ಕಕ್ಕೆ ವಾಲಿ, ಜೊತೆಗೆ ಬಂದವನಿಂದ ಒಂದು ಫೋಟೋ ತೆಗೆಸಿಕೊಂಡ. ಫೋಟೋ ಆದ ಮೇಲೆ ಲೋಟವನ್ನು ಜಗುಲಿಯ ಮೇಲೆ ಇಟ್ಟ. ಅವನು ಎದ್ದು ಹೋಗುವ ತನಕ ಟೀ ಅಲ್ಲೇ ಕೆನೆಗಟ್ಟುತ್ತ ಕೂತಿತ್ತು.

"ಅಜ್ಜೀ, ಅವತ್ತು ನಮ್ಮಜ್ಜ ಒಂದು ಓಟು ನಮ್ಮವರಿಗೆ, ಒಂದು ಓಟು ನಿಮ್ಮವರಿಗೆ ಹಾಕಿದ್ರಲ್ಲ, ಅದು ಇಡೀ ಜಿಲ್ಲೆಗೇ ಗೊತ್ತಾಗ್ಬೇಕು. ಅದಕ್ಕೇ ಈ ಕಾರ್ಯಕ್ರಮ."

"ಪರದೆ ಹಿಂದೆ ಯಾರು ಏನ್ ಮಾಡಿದ್ರು ಅಂತ ಹೇಳ್ಬಾರ್ದಂತಲ್ಲಪ್ಪ ಸಣ್ಣಗೌಡ? ಗುಟ್ಟಂತೆ ಅದು."

"ಅಯ್ಯೋ, ಇದೇನ್ ಕೋರ್ಟಾ ಅಜ್ಜಿ? ಅಜ್ಜ ಮೈಕಲ್ಲಿ ಹೇಳ್ತಾರೆ, ಹೌದೇನಮ್ಮಾ ಅಂತ ನಿಮ್ಮನ್ನ ಕೇಳ್ತಾರೆ. ನೀವು ಹೌದು ಅಂದ್ರಾಯ್ತು. ಒಂದೇ ಮಾತು."

"ಒಂದು ಮಾತಿಗೆ ಏನೇನ್ ಕೊಡ್ತೀರಿ?"

"ಶಾಲು, ಹಾರ, ಹಣ್ಣಿನ ಬುಟ್ಟಿ."

"ಎರಡು ಮಾತಾಡಿದ್ರೆ?"

ರೇಣುಕಾಪ್ರಸಾದ್ ಜೋರಾಗಿ ನಕ್ಕ. ನಗುತ್ತಲೇ ಅಜ್ಜಿಯನ್ನು ಬಿಟ್ಟು ಮೊಮ್ಮಗಳ ಕಡೆ ತಿರುಗಿದ. "ರೋಜಾ ಮೇಡಂ, ಸೋಮವಾರ ಆಫೀಸಿಗೆ ಬನ್ರೀ. ಕಾರ್ಯಕ್ರಮ ಚೆನ್ನಾಗಿ ಆಗಿಬಿಡ್ಲಿ, ನಿಮ್ಮ ಆರ್ಡರಿಗೂ ಸಹಿ ಮಾಡಿ ಮುಗಿಸಿಬಿಡೋಣ."

ಕಾರು ಹೋದ ಮೇಲೆ ರೋಜಾ ಆ ಟೀಯನ್ನು ಚೆಲ್ಲಿ, ಲೋಟವನ್ನು ಎರಡೆರಡು ಸಲ ತೊಳೆದಳು. ತೊಳೆಯುತ್ತಲೇ, "ಹೇಳ್ಬಿಡಜ್ಜಿ," ಎಂದಳು. "ಒಂದ್ ಸಲ."

"ಹೇಳ್ತೀನಿ ಬಿಡೇ. ಹೌದು ಅಂದ್ರೆ ನನ್ನ ನಾಲ್ಗೆ ಸವೀತತಾ? ಆ ಮುದುಕ ಹಿಂಗೇ ಇನ್ನೊಂದಿಷ್ಟು ದಿನ ಬದುಕಿದ್ರೆ ದೋಣಿ ಚಿನ್ಹೆಗೆ ನಾನೇ ನಿಂತಿದ್ದೆ ಅಂತಾನೆ. ಅಂದ್ಕಳ್ಳಿ. ನಿನ್ನ ಕೆಲ್ಸ ಕಾಯಂ ಆಗ್ಲಿ."

ಅದು ಹೋದ ವಾರದ ಮಾತು. ಈಗ ಮೈಕು ಮೂರನೇ ಸಲ ಶ್ರೀಮತಿಯನ್ನು ಕೂಗುತ್ತಿತ್ತು. ಕೇರಿಯವರು ಕೆಲವರು ಆಗಲೇ ಹೋಗಿ ಹಿಂದಿನ ಸಾಲಿನ ಕುರ್ಚಿಗಳಲ್ಲಿ ಕೂತಿದ್ದರು. ಮುಂದಿನ ಸಾಲುಗಳು ಖಾಲಿ ಇದ್ದವು. ಯಾರೂ ಬೇಡ ಎಂದಿರಲಿಲ್ಲ, ಯಾರೂ ಬನ್ನಿ ಎಂದೂ ಇರಲಿಲ್ಲ. ತುಂಗಮ್ಮ ಅರ್ಧ ಗುಡಿಸಿದ ಅಂಗಳದಲ್ಲಿ ಪೊರಕೆಯನ್ನು ಗೋಡೆಗೆ ಒರಗಿಸಿ, ಕೈ ತೊಳೆದು, ರೋಜಾಳ ತೋಳು ಹಿಡಿದು ಹೊರಟಳು.

ವೇದಿಕೆ ನೋಡಿದರೆ ಅದೊಂದು ಮದುವೆ ಮಂಟಪ. ಹಿಂದುಗಡೆ ಗೋಡೆಯಷ್ಟು ಬ್ಯಾನರು. ಅದರಲ್ಲಿ ರೇಣುಕಾಪ್ರಸಾದ್ ಆಳೆತ್ತರ ಕೈಮುಗಿದು ನಿಂತಿದ್ದ. ಕೆಳಗಿನ ಮೂಲೆಯಲ್ಲಿ ಎರಡು ದುಂಡು ಚಿತ್ರಗಳಲ್ಲಿ ಪರಮಶಿವಪ್ಪಗೌಡರು ಮತ್ತು ತುಂಗಮ್ಮ. ಮೇಲೆ 'ಒಂದು ಊರು, ಎರಡು ಮತ, ಒಂದೇ ಮನ' ಎಂದು ಬರೆದಿತ್ತು. ಮುಂದುಗಡೆ ಮೇಜಿನ ಮೇಲೆ, ಇದು ಕಾರ್ಯಕ್ರಮದ ವಿಶೇಷ, ಎರಡು ಹಸಿರು ಪೆಟ್ಟಿಗೆ. ಶಿಕಾರಿಪುರದ ಬಡಗಿಯಿಂದ ಮಾಡಿಸಿ ತಂದ ಹೊಸ ಮರದ ಪೆಟ್ಟಿಗೆಗಳು. ಒಂದರ ಮೇಲೆ ಏಣಿ, ಒಂದರ ಮೇಲೆ ದೋಣಿ. ಬಣ್ಣ ಇನ್ನೂ ಘಮಘಮ ಅನ್ನುತ್ತಿತ್ತು.

ಶಾಲು ಬಂತು, ಹಾರ ಬಂತು. ಹಾರ ಹಾಕಿದವನು ಎರಡು ಬೆರಳಲ್ಲಿ ಹಿಡಿದು, ತುಂಗಮ್ಮನ ತಲೆಗೆ ತಾಗದ ಹಾಗೆ ಮೇಲಿನಿಂದ ಬಿಟ್ಟ. ಅದು ಕಿವಿಗೆ ಸಿಕ್ಕಿಕೊಂಡಿತು. ಅವಳೇ ಬಿಡಿಸಿಕೊಂಡು ಸರಿಯಾಗಿ ಹಾಕಿಕೊಂಡಳು. ಹಿಂದಿನ ಸಾಲಿನಲ್ಲಿ ಕೊಟ್ರೇಶ್ ಎನ್ನುವವನು ಕಿಸಕ್ಕೆಂದ. ಅವನು ಕೇರಿಯ ಟ್ರ್ಯಾಕ್ಟರ್ ಡ್ರೈವರು, ತುಂಗಮ್ಮನ ಕತೆಗೆ ಕಾಯಂ ಗಿರಾಕಿ.

ಪರಮಶಿವಪ್ಪಗೌಡರ ಬಾಯಿಗೆ ಮೈಕು ಹಿಡಿದರು. ಮುದುಕನ ದನಿ ಮಾತ್ರ ಇನ್ನೂ ಗಟ್ಟಿ.

"ಆವತ್ತು ನಾನು ಏನ್ ಮಾಡ್ದೆ ಗೊತ್ತೇನ್ರೀ? ಒಂದು ಓಟನ್ನ ಏಣಿಗೆ ಹಾಕ್ದೆ. ಇನ್ನೊಂದನ್ನ ಕಣ್ಣಿಗೊತ್ಕಂಡು, ದೋಣಿ ಪೆಟ್ಟಿಗೀನ ಎರಡೂ ಕೈಲಿ ಮುಟ್ಟಿ ಹಾಕ್ದೆ. ನನಗೆ ಭೇದ ಇರ್ಲಿಲ್ಲ. ನಮ್ಮನೆಯೋರಿಗೆ ಯಾರಿಗೂ ಇರ್ಲಿಲ್ಲ. ಹೌದಲ್ಲೇನೇ ತುಂಗೀ?"

'ತುಂಗೀ' ಎನ್ನುವುದು ಮೈಕಿನಲ್ಲಿ ಟ್ಯಾಂಕಿನವರೆಗೂ ಹೋಗಿ ಬಂತು. ಶ್ರೀಮತಿ ಎಲ್ಲೋ ಉದುರಿಹೋಗಿತ್ತು. ರೇಣುಕಾಪ್ರಸಾದ್ ಬೇಗ ಮೈಕು ಕಸಿದು ತುಂಗಮ್ಮನ ಮುಂದೆ ಹಿಡಿದ.

ತುಂಗಮ್ಮ ರೋಜಾಳನ್ನು ಹುಡುಕಿದಳು. ಅವಳು ವೇದಿಕೆಯ ಪಕ್ಕದಲ್ಲಿ ಹಣ್ಣಿನ ತಟ್ಟೆ ಹಿಡಿದು, ಮಕ್ಕಳು ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹಾಗೆ ನಿಂತಿದ್ದಳು.

"ಹೌದು," ಎಂದಳು ತುಂಗಮ್ಮ.

ಚಪ್ಪಾಳೆ ಬಿತ್ತು. ಕೊಟ್ರೇಶ್ ಮುಖ ಕೆಳಗೆ ಹಾಕಿದ. ತುಂಗಮ್ಮನಿಗೆ ಬಾಯಲ್ಲಿ ಹಳಸಿದ ಎಲೆಯಡಿಕೆಯ ರುಚಿ ಬಂತು, ನುಂಗಿಕೊಂಡಳು. ರೋಜಾಳ ಭುಜ ಒಂದಿಷ್ಟು ಇಳಿಯಿತು. ಅಷ್ಟು ದೂರದಿಂದಲೂ ಅದು ಕಂಡಿತು. ಆಯಿತು. ಸೋಮವಾರ ಸಹಿ ಬೀಳುತ್ತದೆ. ಮುದುಕನೊಬ್ಬನ ಸುಳ್ಳಿಗೆ ಮುದುಕಿಯೊಬ್ಬಳ ಹೌದು, ಅಷ್ಟಕ್ಕೆ ಮುಗಿಯಿತಲ್ಲ ಎಂದು ಅವಳು ಏಳಬೇಕೆನ್ನುವಾಗ ಫೋಟೋದವನು ಅಡ್ಡ ಬಂದ.

"ಸಾರ್, ಅಜ್ಜಾರು ಓಟು ಹಾಕೋದು ಒಂದು ಬೇಕು. ಪೇಪರಿಗೆ ಅದೇ ಹೋಗೋದು. ಎರಡೂ ಬಾಕ್ಸಿಗೆ ಒಂದೊಂದ್ಸಲ."

ಬಿಳಿ ಕಾಗದದ ಎರಡು ಚೂರು ಹುಟ್ಟಿದವು. ಗೌಡರ ರಟ್ಟೆಯನ್ನು ಆಚೀಚೆ ಇಬ್ಬರು ಹಿಡಿದು ಎಬ್ಬಿಸಿದರು. ಏಣಿಯ ಪೆಟ್ಟಿಗೆಯ ಮುಂದೆ ಅವರು ಬಗ್ಗಿ, ನಡುಗುವ ಬೆರಳಿನಿಂದ ಸೀಳು ಹುಡುಕಿ, ಕಾಗದ ತೂರಿಸಿ, ಮುಚ್ಚಳದ ಮೇಲೆ ಅಂಗೈ ಇಟ್ಟು ಸವರಿದರು. ಕ್ಯಾಮೆರಾ ಮಿಂಚಿತು. ಆಮೇಲೆ ದೋಣಿಯ ಪೆಟ್ಟಿಗೆಯ ಕಡೆ ತಿರುಗಿಸಿದರು.

ಗೌಡರು ನಿಂತರು. ಹಿಡಿದವರು ಮುಂದಕ್ಕೆ ನಡೆಸಿದರೂ ಕಾಲು ಬರಲಿಲ್ಲ. ನಾಲಿಗೆಗೆ ಎಷ್ಟೋ ವರ್ಷದಿಂದ ಬೇರೆ ಕತೆ ಕಲಿಸಿದ್ದರು, ಕೈಗೆ ಯಾರೂ ಕಲಿಸಿರಲಿಲ್ಲ. ಆ ಕೈ ಮೈಯಿಂದ ದೂರ ಚಾಚಿ, ಮಣಿಕಟ್ಟಿನಲ್ಲಿ ಒಮ್ಮೆ ಚಿಮ್ಮಿ, ಕಾಗದವನ್ನು ಎಸೆಯಿತು. ಕಾಗದ ಪೆಟ್ಟಿಗೆಯ ಅಂಚಿಗೆ ತಾಗಿ, ತೇಲುತ್ತ, ತುಂಗಮ್ಮನ ಕಾಲ ಬಳಿ ಬಂದು ಬಿತ್ತು.

"ಇನ್ನೊಂದ್ಸಲ ಅಜ್ಜಾರೆ, ಒಳಗೆ," ಎಂದ ಫೋಟೋದವನು.

ಇನ್ನೊಂದು ಚೂರು ಕೊಟ್ಟರು. ಅದೂ ಹಾಗೇ ಹಾರಿ ನೆಲಕ್ಕೆ ಬಿತ್ತು.

"ಮುಟ್ಟಿ ಹಾಕಜ್ಜ," ರೇಣುಕಾಪ್ರಸಾದ್ ಹಲ್ಲು ಕಚ್ಚಿ ಕಿವಿಯಲ್ಲಿ ಹೇಳಿದ.

"ಹಾಕಿದ್ನಲ್ಲೋ!" ಎಂದರು ಗೌಡರು ಸಿಟ್ಟಿನಿಂದ. ಅವರ ಮುಖದಲ್ಲಿ ಕಪಟ ಇರಲಿಲ್ಲ. ಅವರ ಪಾಲಿಗೆ ಅದು ಹಾಕಿದ್ದೇ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಇನ್ಯಾರೋ. ಕೊಟ್ರೇಶ್ ತಲೆ ಎತ್ತಿದ್ದ. ರೇಣುಕಾಪ್ರಸಾದ್ ಬ್ಯಾನರಿನ ಮೇಲಿದ್ದ ಅದೇ ನಗೆಯನ್ನು ಮುಖಕ್ಕೆ ತಂದುಕೊಂಡು ತುಂಗಮ್ಮನ ಕಡೆ ಬಂದ. "ಅಜ್ಜೀ, ಅದೊಂಚೂರು ಎತ್ತಿ ಹಾಕಿಬಿಡಿ. ಇಬ್ರೂ ಸೇರಿ ಹಾಕಿದಂಗೆ ಫೋಟೋ ಚೆನ್ನಾಗಿ ಬರುತ್ತೆ."

ತುಂಗಮ್ಮ ನೆಲ ನೋಡಿದಳು. ಎರಡು ಬಿಳಿ ಚೂರು. ಅವಳ ಸೊಂಟ ಹೇಳದೆ ಕೇಳದೆ ಬಗ್ಗಲು ಹೊರಟಿತು. ಇಷ್ಟು ವಯಸ್ಸಾದ ಮೇಲೆ, ಬೇರೆ ಯಾವುದಕ್ಕೂ ಬಗ್ಗದ ಸೊಂಟ. ಅವಳು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಅದನ್ನು ತಡೆದಳು.

ಅದು ಕಂಡು ಅಜ್ಜಿಗೆ ಬಗ್ಗಲು ಆಗುತ್ತಿಲ್ಲ ಎಂದುಕೊಂಡಳು ರೋಜಾ. ತಟ್ಟೆಯನ್ನು ಒಂದು ಕೈಗೆ ಮಾಡಿಕೊಂಡು ಓಡಿಬಂದು, ಸೆರಗು ಸಿಕ್ಕಿಸಿ, ಆ ಕಾಗದಕ್ಕೆ ಬಗ್ಗಿದಳು. ಬಿ.ಎಡ್. ಮಾಡಿದ ಬೆನ್ನು. ಮಕ್ಕಳ ಮುಂದೆ ನೆಟ್ಟಗೆ ನಿಂತು ಪಾಠ ಹೇಳುವ ಬೆನ್ನು. ತುಂಗಮ್ಮ ಅದನ್ನು ಮೇಲಿನಿಂದ ನೋಡಿದಳು. ಯಾರದ್ದಾದರೂ ಬೆನ್ನನ್ನು ಹೀಗೆ ಮೇಲಿನಿಂದ ನೋಡುವುದು ಹೇಗಿರುತ್ತದೆ ಎಂದು ಅವಳಿಗೆ ಅಂದು ಗೊತ್ತಾಯಿತು.

"ಏಳೇ."

"ಅಜ್ಜೀ, ಬೇಗ ಹಾಕ್ಬಿಡ್ತೀನಿ, ಸೋಮವಾರ..."

"ಏಳು ಅಂದೆ."

ರೋಜಾ ಎದ್ದಳು. ಬೆರಳು ಕಾಗದಕ್ಕೆ ಇನ್ನೂ ತಾಗಿರಲಿಲ್ಲ. ಒಂದು ಗಳಿಗೆ ಅಜ್ಜಿಯ ಮುಖವನ್ನು, ಒಂದು ಗಳಿಗೆ ಕಾರ್ಯದರ್ಶಿಯ ಮುಖವನ್ನು ನೋಡಿದಳು. ಅವನ ಮುಖದಲ್ಲಿ ನಗೆ ಇತ್ತು, ಸೋಮವಾರ ಇರಲಿಲ್ಲ. ಅವಳು ಕೈಯಲ್ಲಿದ್ದ ಹಣ್ಣಿನ ತಟ್ಟೆಯನ್ನು ದೋಣಿಯ ಪೆಟ್ಟಿಗೆಯ ಮೇಲೆ, ಸೀಳು ಮುಚ್ಚುವಂತೆ, ನಿಧಾನವಾಗಿ ಇಟ್ಟಳು.

ತುಂಗಮ್ಮ ಹಾರ ತೆಗೆದು ಕುರ್ಚಿಯ ಮೇಲಿಟ್ಟಳು. ಶಾಲು ತೆಗೆಯಲಿಲ್ಲ, ಮಾಘದ ಚಳಿ ಇತ್ತು, ಶಾಲು ಒಳ್ಳೆಯದಿತ್ತು.

"ಅಜ್ಜೀ, ಎಲ್ಲಿಗೆ? ಕಾರ್ಯಕ್ರಮ ಮುಗಿದಿಲ್ಲ," ಎಂದ ರೇಣುಕಾಪ್ರಸಾದ್. ಮೈಕು ಇನ್ನೂ ಅವನ ಕೈಯಲ್ಲಿತ್ತು. ಹೀಗಾಗಿ ಅವಳು ಹೇಳಿದ್ದೂ ಟ್ಯಾಂಕಿನವರೆಗೆ, ಕೆರೆಯವರೆಗೆ ಕೇಳಿಸಿತು.

"ಆವತ್ತು ಒಳಗೆ ಯಾರೂ ಇರ್ಲಿಲ್ಲ ಸಣ್ಣಗೌಡ, ಆರಿಸಿ ಹಾಕ್ದೆ. ಮೇಲಿನ ಬೀದಿಯೋರ ದೋಣಿ ಓಟೆಲ್ಲ ನನ್ನ ಕೈಯಾಗೇ ಬಿದ್ದಾವೆ. ನಾನು ಹೌದು ಅಂದಿದ್ದು ಅದಕ್ಕೆ." ಹಿಂದಿನ ಸಾಲು ಗೊಳ್ಳೆಂದಿತು. ಅವಳು ರೋಜಾಳ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲು ಇಳಿಯತೊಡಗಿದಳು, ಹಿಂದಿರುಗಿ ನೋಡಲಿಲ್ಲ. ಇಳಿಯುತ್ತಲೇ ಮಾತಾಡಿದಳು, ಮೈಕಿನಿಂದ ದೂರವಾದಂತೆ ದನಿ ಸಣ್ಣದಾಗುತ್ತ ಹೋಯಿತು. "ನನ್ನ ಅಂಗಳ ಅರ್ಧ ಗುಡ್ಸಿ ಬಂದೀನಿ, ಹೋಗ್ಬೇಕು. ನಿಮ್ಮ ಕಸ ನಿಮ್ಮ ಕಾಲ ಬುಡದಾಗೇ ಐತಿ, ಜನ ಕೂತು ನೋಡ್ತಾ ಅದಾರೆ, ನೀವೂ ನಿಮ್ಮಜ್ಜನೂ ಸೇರಿ ಒಂದ್ಸಲ ಬಗ್ಗಿ ಎತ್ತಿ ಹಾಕ್ರಿ."